ಮೂರನೇ ನಂಬರಿನ ರಿಮೋಟು

ಅರ್ಧ ಬೆಂಕಿಪೊಟ್ಟಣದಷ್ಟು,
ಗಸಗಸೆ ಕಾಳಿನಂಥ ಕೆಂಪು ದೀಪ, ನಾಲ್ಕು ಗುಂಡಿ.
ಹಾಕಿದ ಬೀಗ, ತೆಗೆದ ಬೀಗ, ಪುಟ್ಟದೊಂದು ಮನೆಯ ಚಿತ್ರ,
ಕೊನೆಗೆ ಗಂಟೆ.
"ಇದೊಂದನ್ನ ಮಾತ್ರ ಸುಮ್ಸುಮ್ನೆ ಒತ್ಬೇಡಿ ಮೇಡಂ"
ಏಣಿಯ ಮೇಲಿಂದಲೇ ಹೇಳಿದ್ದ ಇಲಿಯಾಸ್.

ಕಳ್ಳತನ ಆದದ್ದು ನಮ್ಮಲ್ಲಲ್ಲ,
ಎದುರು ಮನೆಯ ಜೆಸಿಂತಾ ಮನೆಯಲ್ಲಿ.
ಹೆದರಿದ್ದು ಮಾತ್ರ ಮತ್ತಿಕೆರೆಯ ಇಡೀ ಐದನೇ ಕ್ರಾಸು.
ಅವಳದು ಎರಡು ಬಳೆ, ಒಂದು ಮಿಕ್ಸಿ,
ಯಾಕೋ ಏನೋ, ಕೇಕಿನ ಅಚ್ಚು.
ನಮ್ಮದು ನಿದ್ದೆ.

ಗೋಡೆಯ ಡಬ್ಬಿಗೆ ರಿಮೋಟುಗಳ ಗುರುತು ಹಿಡಿಸುವಾಗ
ಒಂದೊಂದನ್ನೇ ಒತ್ತಿಸಿದ,
ಹೊಸ ಸೊಸೆಗೆ ನೆಂಟರನ್ನು ತೋರಿಸಿಕೊಟ್ಟ ಹಾಗೆ.
ಒಂದನೇ ನಂಬರು ಪ್ರಾಣೇಶ,
ಎರಡು ಮಗಳು ವೈಖರಿ,
ಮೂರು ನಾನು.
ಡಬ್ಬಿ ಕುಂಯ್ ಅಂತ ಒಪ್ಪಿಕೊಂಡಿತು.

ಮೊದಲ ವಾರ ಅದು ಕೂಗಿದ್ದು
ಹಲ್ಲಿಗೆ, ಗಾಳಿಗೆ ಉಬ್ಬಿದ ಪರದೆಗೆ,
ರಾತ್ರಿ ಎರಡಕ್ಕೆ ನೀರು ಕುಡಿಯಲೆದ್ದ ನನಗೆ.
ನನ್ನದೇ ಅಡುಗೆಮನೆಯಲ್ಲಿ
ಚೊಂಬು ಹಿಡಿದ ಕೈ ಮೇಲೆತ್ತಿ ನಿಂತಿದ್ದೆ.

ಆಮೇಲೆ ಪಳಗಿತು. ಯಾರು ಯಾರಿಗೆ ಅಂತ ಹೇಳಲಾರೆ.
ಗೇಟಿನಾಚೆಯ ಹೊಂಗೆಮರದವರೆಗೆ ಅದಕ್ಕೆ ಕಿವಿ,
ಮರ ದಾಟಿದರೆ ಕಿವುಡು.
ಬೆನ್ನು ತಿರುಗಿಸಿಕೊಂಡೇ ಒತ್ತುತ್ತಿದ್ದೆ.
ಹೊರಡುವಾಗ ಹೋಗ್ತೀನಿ ಅನ್ನಬಾರದಲ್ಲ,
ಒತ್ತುತ್ತಾ ಬಾಯಲ್ಲೂ ಅನ್ನುತ್ತಿದ್ದೆ: ಬರ್ತೀನಿ.
ಒಳಗಿಂದ ಒಂದು 'ಕಿಕ್'.

ಆಷಾಢದ ಒಂದು ಶುಕ್ರವಾರ
ಯಶವಂತಪುರ ಮಾರ್ಕೆಟ್ಟಿನಿಂದ ಬರುವಾಗ
ಆಟೋದಲ್ಲಿ ಬಿದ್ದುಹೋಯಿತು.
ಚಿಲ್ಲರೆಗೆ ಕೈ ಹಾಕಿದಾಗ ಜಾರಿರಬೇಕು.
ಐದು ರೂಪಾಯಿಗೆ ವಾದ ಮಾಡಿ, ಗೆದ್ದು,
ಮನೆಯನ್ನು ಸೀಟಿನ ಮೇಲೆ ಬಿಟ್ಟು ಇಳಿದಿದ್ದೆ.

"ಸಿಕ್ಕಿದವನಿಗೆ ಯಾವ ಬಾಗಿಲಿನದು ಅಂತ ಹೇಗೆ ಗೊತ್ತಾಗಬೇಕು?
ಆದರೂ ಇಲಿಯಾಸ್‌ಗೆ ಫೋನ್ ಮಾಡು, ಮೂರನ್ನು ಅಳಿಸಲಿ"
ಅಂದ ಪ್ರಾಣೇಶ. ನಾಳೆ, ಅಂದೆ.
ಅಜ್ಜಿಯ ಕಾಲದಲ್ಲಿ ಬಾಗಿಲ ಮೇಲೆ ಇದ್ದಿಲಲ್ಲಿ
'ನಾಳೆ ಬಾ' ಎಂದು ಬರೆದರೆ ಸಾಕಿತ್ತಂತೆ,
ದೆವ್ವ ಓದಿಕೊಂಡು ವಾಪಸು ಹೋಗುತ್ತಿತ್ತು.
ಬ್ಯಾಟರಿಯ ಖರ್ಚಿಲ್ಲ.

ಹನ್ನೆರಡನೇ ದಿನ, ಸಂಜೆ ಏಳೂ ಹತ್ತು,
ಕುಕ್ಕರಿನ ಎರಡನೇ ವಿಷಲ್ಲಾಗಿತ್ತು, ಮೂರನೆಯದಿನ್ನೂ ಆಗಿರಲಿಲ್ಲ,
ಸೈರನ್ ಕಿರುಚಿತು.
ಕಿಟಕಿ ಮುಚ್ಚಿದೆ. ಬಾಗಿಲು ಮುಚ್ಚಿದೆ.
ಹಲ್ಲಿ ತನ್ನ ಜಾಗದಲ್ಲಿದೆ.
ಡಬ್ಬಿಯ ಮುಖದ ಮೇಲೆ ಅಕ್ಷರ ಓಡುತ್ತಿವೆ:
ಆಪತ್ತು. ರಿಮೋಟು ಮೂರು.
ಅಂದರೆ ನಾನು.

ಚಪ್ಪಲಿ ಮೆಟ್ಟದೆ ಗೇಟಿಗೆ ಓಡಿದೆ.
ಹೊಂಗೆಮರದ ಬುಡದಿಂದ ಒಂದು ಆಟೋ
ತಿರುವಿನ ಕಡೆಗೆ ಹೊರಟಿತ್ತು,
ಹಿಂದಿನ ಪ್ಲಾಸ್ಟಿಕ್ ಕಿಟಕಿಗೆ
ಮೂಗೊತ್ತಿ ನಿಂತ ಮಗು.
ಇರಬಹುದು. ಕತ್ತಲಾಗಿತ್ತು.

ಎಷ್ಟು ದಿನದಿಂದ ಒತ್ತುತ್ತಿತ್ತೋ ಪಾಪ,
ಗೊರಗುಂಟೆಪಾಳ್ಯದಲ್ಲಿ, ಜಾಲಹಳ್ಳಿ ಕ್ರಾಸಿನಲ್ಲಿ,
ಬಿಇಎಲ್ ಸರ್ಕಲ್ಲಿನ ಮುಗಿಯದ ಸಿಗ್ನಲ್ಲಿನಲ್ಲಿ,
ಒತ್ತಿದಾಗೆಲ್ಲ ಗಸಗಸೆ ಮಿನುಗಿ,
ಎಲ್ಲೂ ಏನೂ ಆಗದೆ.
ಇವತ್ತು ಒಂದು ಮನೆ ಓ ಅಂದಿತು.
ಅದರ ಮುಖ ನೋಡಬೇಕಿತ್ತು ನಾನು.

ನೈಟಿಯ ಮೇಲೊಂದು ಟವೆಲು ಹೊದ್ದು
ಲಟ್ಟಣಿಗೆ ಸಮೇತ ಬಂದಳು ಜೆಸಿಂತಾ.
ಯಾರದು? ಅಂದಳು.
ನಾನೇ, ಅಂದೆ.

ಆ ರಾತ್ರಿಯೇ ಪ್ರಾಣೇಶ ಸ್ಟೂಲು ಹತ್ತಿ,
ಹೆಗಲಿಗೂ ಕಿವಿಗೂ ನಡುವೆ ಇಲಿಯಾಸನನ್ನು ಸಿಕ್ಕಿಸಿಕೊಂಡು
ಮೂರನ್ನು ಅಳಿಸಿದ.
ಡಬ್ಬಿ ಕುಂಯ್ ಅಂದಿತು,
ಒಪ್ಪಿಕೊಂಡ ದಿನದ ಅದೇ ದನಿ.

ಈಗ ನಾನು ನಾಲ್ಕು.
ಏಳೂ ಹತ್ತರ ಹೊತ್ತಿಗೆ ಯಾಕೋ
ಗ್ಯಾಸು ಸಣ್ಣ ಮಾಡಿ ನಿಲ್ಲುತ್ತೇನೆ.
ಹೊಂಗೆಮರದ ಕೆಳಗೆ ಆಟೋ ಒಂದು ನಿಧಾನಿಸುತ್ತದೆ,
ಹಂಪು ದಾಟುತ್ತದೆ, ಹೋಗುತ್ತದೆ.
ಡಬ್ಬಿ ಸುಮ್ಮನಿದೆ.
ಉರಿ ಜೋರು ಮಾಡುತ್ತೇನೆ.
ಮೂರನೇ ವಿಷಲ್ಲು.